ಹ್ಯಾನ್ಸ್ ಕುದುರೆಯ ಲೆಕ್ಕ: ಪ್ರಯೋಗದ ಸಪ್ರಮಾಣತೆ ಅರ್ಥ ಮಾಡಿಕೊಳ್ಳಲು ಒಂದು ಟಿಪ್ಪಣಿ

ಪ್ರಾಯೋಗಿಕ ಮನೋವಿಜ್ಞಾನ ಓದುವವರಿಗೆ ಸಪ್ರಮಾಣತೆ, ಅಂದ್ರೆ ವ್ಯಾಲಿಡಿಟಿ, ತಪ್ಪಿದ್ದಲ್ಲ. ಒಂದು ಪ್ರಯೋಗದಿಂದ ತೆಗೆದ ತೀರ್ಮಾನ ಎಷ್ಟು ಸರಿ ಎಂಬುದೇ ಸಪ್ರಮಾಣತೆ. ಹೆಚ್ಚಿನವರು ಅದರ ವಿಧಗಳನ್ನು ಬಾಯಿಪಾಠ ಮಾಡುತ್ತಾರೆ. ಅಂಕವೇನೋ ಸಿಗುತ್ತದೆ. ಆದರೆ ಒಂದು ಹೊಸ ಪ್ರಯೋಗವನ್ನು ಮುಂದಿಟ್ಟು "ಇದನ್ನು ನಂಬಬಹುದಾ?" ಎಂದು ಕೇಳಿದರೆ ಆ ಪಟ್ಟಿ ಕೈಕೊಡುತ್ತದೆ. ನನ್ನ ಪ್ರಕಾರ ಎಲ್ಲ ವಿಧಗಳನ್ನೂ ಒಂದೇ ಪ್ರಶ್ನೆಯಿಂದ ಹಿಡಿಯಬಹುದು: ಈ ಫಲಿತಾಂಶ ಬರಲು ಬೇರೆ ಯಾವ ಕಾರಣ ಇರಬಹುದು, ಅದನ್ನು ಪ್ರಯೋಗ ಮಾಡಿದವರು ಮುಚ್ಚಿದ್ದಾರಾ? ಈ ಪ್ರಶ್ನೆ ಅಭ್ಯಾಸವಾಗಲು ಒಂದು ಹಳೆಯ ಪ್ರಕರಣವನ್ನು ನಿಧಾನವಾಗಿ ನೋಡೋಣ.

ಬರ್ಲಿನ್ನಿನ ಕುದುರೆ

ವಿಲ್‌ಹೆಲ್ಮ್ ಫಾನ್ ಓಸ್ಟನ್ ಬರ್ಲಿನ್ನಿನ ನಿವೃತ್ತ ಗಣಿತ ಮೇಷ್ಟ್ರು. ಅವರ ಬಳಿ ಹ್ಯಾನ್ಸ್ ಎಂಬ ಕುದುರೆ ಇತ್ತು. ಕೂಡುವ, ಕಳೆಯುವ ಲೆಕ್ಕ ಕೊಟ್ಟರೆ ಕಾಲಿನ ಗೊರಸನ್ನು ನೆಲಕ್ಕೆ ಅಷ್ಟು ಸಲ ತಟ್ಟಿ ಉತ್ತರ ಹೇಳುತ್ತಿತ್ತು. ಮೇಷ್ಟ್ರು ಅದನ್ನು ತೋರಿಸಿ ದುಡ್ಡು ಮಾಡುತ್ತಿರಲಿಲ್ಲ. ಅವರು ಊರಲ್ಲಿ ಇಲ್ಲದಾಗ ಬೇರೆಯವರು ಕೇಳಿದರೂ ಕುದುರೆ ಸರಿ ಉತ್ತರ ಕೊಡುತ್ತಿತ್ತು. ಹಾಗಾಗಿ ಮೋಸ ಎನ್ನಲು ಆಧಾರ ಇರಲಿಲ್ಲ. 1904ರಲ್ಲಿ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಮುಂದಾಳತ್ವದ ಸಮಿತಿಯೊಂದು ಬಂದು ನೋಡಿತು. ಪಶುವೈದ್ಯರು, ಸರ್ಕಸ್ ಕಂಪನಿ ನಡೆಸುವವರು, ಶಿಕ್ಷಕರೆಲ್ಲ ಅದರಲ್ಲಿದ್ದರು. ಇದರಲ್ಲಿ ಯಾವ ಕೈಚಳಕವೂ ಇಲ್ಲ ಎಂದು ಸಮಿತಿ ವರದಿ ಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲಿ. ಸಮಿತಿ ಹೇಳಿದ್ದು ಸುಳ್ಳಲ್ಲ. ಕೈಚಳಕ ನಿಜಕ್ಕೂ ಇರಲಿಲ್ಲ. ಆದರೆ ಕೈಚಳಕ ಇಲ್ಲ ಎಂದ ಮಾತ್ರಕ್ಕೆ ಕುದುರೆಗೆ ಲೆಕ್ಕ ಬರುತ್ತದೆ ಎಂದಾಗುವುದಿಲ್ಲ, ಅಲ್ವಾ? ನಡುವೆ ಇನ್ನೂ ಹಲವು ಕಾರಣಗಳಿಗೆ ಜಾಗ ಇದೆ. ಆ ಜಾಗಕ್ಕೆ ಕೈಹಾಕಿದವರು ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್‌ಸ್ಟ್.

ಫುಂಗ್‌ಸ್ಟ್ ಅಂಗಳದಲ್ಲಿ ಡೇರೆ ಹಾಕಿಸಿದರು, ಸುತ್ತಲಿನ ಗದ್ದಲ ತಾಗಬಾರದು ಎಂದು. ಆಮೇಲೆ ಒಂದೊಂದೇ ಅಂಶವನ್ನು ಬದಲಿಸಿದರು. ಸಂಖ್ಯೆ ಬರೆದ ಕಾರ್ಡನ್ನು ಕುದುರೆಗೆ ತೋರಿಸುವುದು. ಒಂದು ಸಲ ಪ್ರಶ್ನೆ ಕೇಳುವವರಿಗೂ ಆ ಸಂಖ್ಯೆ ಗೊತ್ತಿರುತ್ತದೆ. ಇನ್ನೊಂದು ಸಲ ಅವರಿಗೆ ಕಾರ್ಡ್ ಕಾಣುವುದೇ ಇಲ್ಲ. ಗೊತ್ತಿದ್ದಾಗ ಹ್ಯಾನ್ಸ್ ಉತ್ತರ ಶೇ. 98 ಸರಿ. ಗೊತ್ತಿಲ್ಲದಾಗ ಶೇ. 8. ಲೆಕ್ಕಕ್ಕೂ ಇದೇ ಪಟ್ಟು: ಇಬ್ಬರು ಬೇರೆಬೇರೆಯಾಗಿ ಕುದುರೆಯ ಕಿವಿಯಲ್ಲಿ ಒಂದೊಂದು ಸಂಖ್ಯೆ ಪಿಸುಗುಟ್ಟಿ, ಎರಡನ್ನೂ ಕೂಡು ಎನ್ನುವುದು. ಮೊತ್ತ ಎಷ್ಟೆಂದು ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಕುದುರೆಗೂ ಗೊತ್ತಾಗಲಿಲ್ಲ.

ಅಂದ್ರೆ ಉತ್ತರ ಮನುಷ್ಯರಿಂದಲೇ ಕುದುರೆಗೆ ಹೋಗುತ್ತಿದೆ. ಹೇಗೆ? ಕಣ್ಣಿನ ಪಕ್ಕಕ್ಕೆ ದೊಡ್ಡ ಪಟ್ಟಿ ಕಟ್ಟಿ, ಕೇಳುವವರು ಕಾಣದಂತೆ ಮಾಡಿದಾಗ ಸರಿ ಉತ್ತರಗಳು ಹೆಚ್ಚುಕಮ್ಮಿ ನಿಂತೇ ಹೋದವು. ಕೊನೆಗೆ ಫುಂಗ್‌ಸ್ಟ್ ಕಂಡುಕೊಂಡಿದ್ದು ಇದು: ಪ್ರಶ್ನೆ ಕೇಳಿದವರು ಗೊರಸು ನೋಡಲು ತಲೆಯನ್ನು ತುಸು ಬಗ್ಗಿಸುತ್ತಾರೆ, ಕುದುರೆ ತಟ್ಟಲು ಶುರುಮಾಡುತ್ತದೆ. ಸರಿಯಾದ ಸಂಖ್ಯೆ ಬಂದ ಕೂಡಲೇ ಅವರ ಬಿಗಿ ಸಡಿಲವಾಗಿ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ, ಕುದುರೆ ನಿಲ್ಲಿಸುತ್ತದೆ. ತಾವು ಹೀಗೆ ಮಾಡುತ್ತಿದ್ದೇವೆ ಎಂದು ಅವರಿಗೇ ತಿಳಿದಿರಲಿಲ್ಲ. ಆಮೇಲೆ ಫುಂಗ್‌ಸ್ಟ್ ಪ್ರಯೋಗಾಲಯದಲ್ಲಿ ತಾವೇ ಕುದುರೆಯ ಜಾಗದಲ್ಲಿ ಕೂತರು. ಜನ ಮನಸ್ಸಿನಲ್ಲಿ ಒಂದು ಸಂಖ್ಯೆ ಅಂದುಕೊಳ್ಳಬೇಕು, ಇವರು ಕೈಯಿಂದ ತಟ್ಟುತ್ತಾ ಅವರ ತಲೆಯನ್ನು ಗಮನಿಸಿ ನಿಲ್ಲಿಸಬೇಕು. ಹೆಚ್ಚಿನವರ ಸಂಖ್ಯೆ ಅವರಿಗೆ ಸಿಕ್ಕಿಬಿಟ್ಟಿತು. ಈ ಕೊನೆಯ ಹೆಜ್ಜೆ ನನಗೆ ಎಲ್ಲಕ್ಕಿಂತ ಇಷ್ಟ. ಅವರು "ಇದು ಲೆಕ್ಕವಲ್ಲ" ಎಂದು ಹೇಳಿ ಸುಮ್ನೆ ಬಿಡಲಿಲ್ಲ. ತಾವು ಹೇಳುವ ಕಾರಣವೇ ಈ ಫಲಿತಾಂಶ ತರಬಲ್ಲದು ಎಂದು ಮಾಡಿ ತೋರಿಸಿದರು.

ಈಗ ಪಾಠದ ಮಾತಿಗೆ ಬರೋಣ. ಸ್ವತಂತ್ರ ಚರದಿಂದಲೇ (ನಾವು ಬದಲಿಸುವ ಅಂಶ) ಅವಲಂಬಿತ ಚರ (ನಾವು ಅಳೆಯುವ ಅಂಶ) ಬದಲಾಯಿತು ಎಂದು ಎಷ್ಟು ಗಟ್ಟಿಯಾಗಿ ಹೇಳಬಹುದು ಎಂಬುದು ಆಂತರಿಕ ಸಪ್ರಮಾಣತೆ. ಹ್ಯಾನ್ಸ್ ಪ್ರಕರಣದಲ್ಲಿ ಕಾರ್ಡಿನ ಸಂಖ್ಯೆಯ ಜೊತೆಗೇ ಕೇಳುವವರ ತಿಳಿವಳಿಕೆಯೂ ಬದಲಾಗುತ್ತಿತ್ತು. ಹೀಗೆ ಎರಡು ಅಂಶ ಬೆರೆತುಹೋಗುವುದೇ ಕನ್‌ಫೌಂಡಿಂಗ್. ಫುಂಗ್‌ಸ್ಟ್ ಅವೆರಡನ್ನೂ ಬೇರೆ ಮಾಡಿದರು. ಕೇಳುವವರಿಗೆ ಉತ್ತರ ಗೊತ್ತಿಲ್ಲದಂತೆ ಮಾಡಿದ ಈ ಉಪಾಯವೇ ಇಂದಿನ ಬ್ಲೈಂಡ್ ವಿಧಾನ.

ಇದು ಕುದುರೆಗೆ ಮಾತ್ರ ಸೀಮಿತ ಅಂದುಕೊಳ್ಳಬೇಡಿ. ರಾಬರ್ಟ್ ರೋಸೆಂಥಾಲ್ ಮತ್ತು ಫೋಡ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಕೈಗೆ ಇಲಿಗಳನ್ನು ಕೊಟ್ಟರು. ಅರ್ಧ ಜನಕ್ಕೆ ನಿಮ್ಮ ಇಲಿಗಳು ಚುರುಕು ತಳಿ ಎಂದರು, ಉಳಿದವರಿಗೆ ಮಂದ ತಳಿ ಎಂದರು. ಇಲಿಗಳು ನಿಜಕ್ಕೂ ಒಂದೇ ತರಹದವು. ಆದರೂ "ಚುರುಕು" ಇಲಿಗಳೇ ದಾರಿಯನ್ನು ಚೆನ್ನಾಗಿ ಕಲಿತವು ಎಂಬ ಅಂಕಿಅಂಶ ಬಂತು.

ಎಲ್ಲರೂ ಎಡವುವ ಎರಡು ಅಂಶ

ಆಂತರಿಕ ಸಪ್ರಮಾಣತೆಗೆ ಇರುವ ಅಪಾಯಗಳನ್ನು ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ 1963ರಲ್ಲಿ ಪಟ್ಟಿ ಮಾಡಿಕೊಟ್ಟರು. ನಡುವೆ ಹೊರಗೆ ನಡೆದ ಘಟನೆ, ವಯಸ್ಸಿನ ಬೆಳವಣಿಗೆ, ಮೊದಲ ಪರೀಕ್ಷೆಯ ಪ್ರಭಾವ, ಅಳತೆಯ ವಿಧಾನ ಬದಲಾಗುವುದು, ಗುಂಪುಗಳ ಆಯ್ಕೆಯಲ್ಲೇ ವ್ಯತ್ಯಾಸ, ಇವೆಲ್ಲ ಓದಿದರೆ ತಿಳಿಯುತ್ತವೆ. ಕಷ್ಟ ಕೊಡುವುದು ಎರಡು: ಒಂದು ಈ ಪಟ್ಟಿಯದೇ, ಇನ್ನೊಂದು ಜನರನ್ನು ಆರಿಸಿ ಹಂಚುವ ವಿಧಾನದ್ದು.

ಒಂದು, ಸರಾಸರಿಯ ಕಡೆಗೆ ಜಾರುವಿಕೆ. ಇಸ್ರೇಲಿನ ವಾಯುಪಡೆಯ ತರಬೇತುದಾರರಿಂದ ಕೇಳಿದ್ದನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಹೇಳುತ್ತಿದ್ದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ, ಹಾಗಾಗಿ ಬೈಯುವುದೇ ಸರಿ ಎಂಬುದು ಅವರ ವಾದ. ನಿಜವಾಗಿ, ಒಂದು ಸಲ ತೀರಾ ಚೆನ್ನಾಗಿ ಮಾಡಿದವರು ಮುಂದಿನ ಸಲ ತಮ್ಮ ಮಾಮೂಲಿ ಮಟ್ಟಕ್ಕೆ ಹತ್ತಿರವಾಗುತ್ತಾರೆ. ತೀರಾ ಕೆಟ್ಟದಾಗಿ ಮಾಡಿದವರೂ ಅಷ್ಟೇ. ಹೊಗಳಿಕೆ, ಬೈಗುಳ ಎರಡೂ ಇಲ್ಲದಿದ್ದರೂ ಇದು ಆಗುತ್ತದೆ. ಅತಿ ಕಡಿಮೆ ಅಂಕದವರನ್ನೇ ಆರಿಸಿ ತರಬೇತಿ ಕೊಟ್ಟು, ನಿಯಂತ್ರಿತ ಗುಂಪಿಲ್ಲದೆ (ತರಬೇತಿ ಪಡೆಯದ, ಹೋಲಿಕೆಗೆ ಇಟ್ಟ ಗುಂಪು) "ಸುಧಾರಣೆ" ತೋರಿಸುವ ಅಧ್ಯಯನ ಕಂಡರೆ ಮೊದಲು ಇದನ್ನೇ ನೆನಪಿಸಿಕೊಳ್ಳಿ.

ಎರಡು, ರ‍್ಯಾಂಡಮ್ ಎಂಬ ಹೆಸರಿನ ಎರಡು ಬೇರೆ ಕೆಲಸಗಳು. ಬಂದವರನ್ನು ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಹಂಚುವುದು ರ‍್ಯಾಂಡಮ್ ಹಂಚಿಕೆ. ಇದು ಆಂತರಿಕ ಸಪ್ರಮಾಣತೆಯನ್ನು ಕಾಯುತ್ತದೆ. ಇಡೀ ಜನಸಮುದಾಯದಿಂದ ಯಾರನ್ನು ಕರೆಯಬೇಕು ಎಂದು ಹಾಗೆ ಆರಿಸುವುದು ರ‍್ಯಾಂಡಮ್ ಮಾದರಿ ಆಯ್ಕೆ. ಇದು ಬಾಹ್ಯ ಸಪ್ರಮಾಣತೆಗೆ ಬೇಕಾದದ್ದು. ಉತ್ತರ ಪತ್ರಿಕೆಯಲ್ಲಿ ಇವೆರಡನ್ನೂ ಕಲಸಬೇಡಿ.

ಅಳೆದದ್ದು ಏನನ್ನು?

ವಿಶ್ವಾಸಾರ್ಹತೆ (ಪ್ರತಿ ಸಲ ಅಳೆದರೂ ಒಂದೇ ತರಹದ ಫಲ ಕೊಡುವುದು) ಮತ್ತು ಸಪ್ರಮಾಣತೆ ಬೇರೆ ಬೇರೆ. ಪ್ರತಿ ಸಲವೂ ನೂರು ಗ್ರಾಂ ಜಾಸ್ತಿ ತೋರಿಸುವ ತಕ್ಕಡಿ ವಿಶ್ವಾಸಾರ್ಹವೇ, ಆದರೆ ಸರಿಯಲ್ಲ. ಮನೋವಿಜ್ಞಾನದಲ್ಲಿ ತೊಂದರೆ ಇನ್ನೂ ಜಾಸ್ತಿ, ಏಕೆಂದರೆ ನಾವು ಅಳೆಯುವ ಬುದ್ಧಿ, ಆತಂಕ, ವಿಧೇಯತೆ ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಅಳತೆ ನಿಜಕ್ಕೂ ಆ ಪರಿಕಲ್ಪನೆಯನ್ನೇ ಹಿಡಿಯುತ್ತಿದೆಯೇ ಎಂಬುದು ರಚನಾ ಸಪ್ರಮಾಣತೆ.

ಜಾನ್ ಬಾರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ಮುಪ್ಪನ್ನು ನೆನಪಿಸುವ ಪದಗಳಿಂದ ವಾಕ್ಯ ಜೋಡಿಸಿದ ವಿದ್ಯಾರ್ಥಿಗಳು, ಆಮೇಲೆ ಕಾರಿಡಾರಿನಲ್ಲಿ ನಿಧಾನವಾಗಿ ನಡೆದರು ಎಂಬುದು ಅದರ ಸಾರ. 2012ರಲ್ಲಿ ಬ್ರಸೆಲ್ಸ್‌ನ ಸ್ಟೆಫಾನ್ ದೊಯೆನ್ ತಂಡ ಇದನ್ನು ಮತ್ತೆ ಮಾಡಿತು. ವೇಗ ಅಳೆಯಲು ಇನ್‌ಫ್ರಾರೆಡ್ ಸೆನ್ಸರ್ ಇಟ್ಟಿತು. ಮೊದಲ ಪ್ರಯೋಗದಲ್ಲಿ ಪರಿಣಾಮ ಕಾಣಲಿಲ್ಲ. ಎರಡನೆಯದರಲ್ಲಿ ಪ್ರಯೋಗ ನಡೆಸುವವರಿಗೇ ಮೊದಲೇ ಹೇಳಿಟ್ಟರು: ಕೆಲವರಿಗೆ "ಇವರು ನಿಧಾನ ನಡೆಯುತ್ತಾರೆ", ಕೆಲವರಿಗೆ "ಬೇಗ ನಡೆಯುತ್ತಾರೆ". ನಿಧಾನ ನಡೆಯುತ್ತಾರೆ ಎಂದು ನಂಬಿದವರು ನಡೆಸಿದಾಗ ಮಾತ್ರ ಸೆನ್ಸರಿನಲ್ಲಿ ನಿಧಾನ ಕಂಡಿತು. ಸುಮಾರು ನೂರು ವರ್ಷಗಳ ನಂತರ ಮತ್ತೆ ಹ್ಯಾನ್ಸ್‌ನದೇ ಪ್ರಶ್ನೆ ಎದುರಾಗಿತ್ತು. ಪದಗಳ ಪರಿಣಾಮವೋ, ಪ್ರಯೋಗ ನಡೆಸುವವರ ನಿರೀಕ್ಷೆಯ ಪರಿಣಾಮವೋ?

ನಮ್ಮ ಕಡೆಯ ಒಂದು ಉದಾಹರಣೆ ಇಲ್ಲಿ ಹೊಂದುತ್ತದೆ. ಫ್ರಾನ್ಸಿನ ಬಿನೆ ಬುದ್ಧಿ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬುದು ಅದೇ. ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿದರೆ ಇಂಥ ಕೆಲಸ ಮುಗಿಯುವುದಿಲ್ಲ. ಇಲ್ಲಿನ ಮಗು ನೋಡಿಯೇ ಇರದ ವಸ್ತುವಿನ ಬಗ್ಗೆ ಕೇಳಿದರೆ, ತಪ್ಪು ಉತ್ತರ ಬುದ್ಧಿಯನ್ನಲ್ಲ, ಪರಿಚಯವನ್ನು ಅಳೆದಂತಾಗುತ್ತದೆ. ಪ್ರತಿ ವಯಸ್ಸಿನ ಇಲ್ಲಿನ ಮಕ್ಕಳ ಮೇಲೆಯೇ ಪ್ರಶ್ನೆಗಳನ್ನು ಪ್ರಯೋಗಿಸಿ ಮಟ್ಟ ಗೊತ್ತುಮಾಡಬೇಕು.

ಅಲ್ಲಿ ಕಂಡದ್ದು ಇಲ್ಲೂ ಇದೆಯಾ?

ಬೇರೆ ಜನ, ಬೇರೆ ಜಾಗಕ್ಕೂ ಫಲಿತಾಂಶ ಹೊಂದುತ್ತದೆಯೇ ಎಂಬುದು ಬಾಹ್ಯ ಸಪ್ರಮಾಣತೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿಧೇಯತೆಯ ಪ್ರಯೋಗದಲ್ಲಿ, ಪ್ರಯೋಗ ನಡೆಸುವವರು ಹೇಳಿದಂತೆ ಇನ್ನೊಬ್ಬರಿಗೆ ವಿದ್ಯುತ್ ಶಾಕ್ ಕೊಡುತ್ತಿದ್ದೇವೆ ಎಂದು ನಂಬಿದ್ದ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಪ್ರಯೋಗ ನಡೆದ ಯೇಲ್ ವಿಶ್ವವಿದ್ಯಾಲಯದ ಘನತೆಯಿಂದಲೇ ಹೀಗಾಯಿತೇನೋ ಎಂಬ ಅನುಮಾನಕ್ಕೆ ಅವರೇ ಉತ್ತರ ಹುಡುಕಿದರು. ಬ್ರಿಜ್‌ಪೋರ್ಟ್ ಊರಿನ ಒಂದು ಸಾಮಾನ್ಯ ಕಟ್ಟಡದಲ್ಲಿ, ಯೇಲ್ ಹೆಸರಿಲ್ಲದೆ ಮತ್ತೆ ಮಾಡಿದರು. ಶೇ. 65 ಇದ್ದದ್ದು ಶೇ. 47.5ಕ್ಕೆ ಇಳಿಯಿತು. ಕಡಿಮೆಯಾಯಿತು, ಆದರೆ ಮಾಯವಾಗಲಿಲ್ಲ.

ಕಣ್ಣಿನ ಭ್ರಮೆಯಂಥ ಸರಳ ವಿಷಯವೂ ಎಲ್ಲೆಡೆ ಒಂದೇ ಇಲ್ಲ. ಮ್ಯೂಲರ್–ಲೈಯರ್ ಭ್ರಮೆಯಲ್ಲಿ ಬಾಣದ ತುದಿ ಒಳಗೋ ಹೊರಗೋ ಇದ್ದಂತೆ ಗೆರೆ ಉದ್ದ ಗಿಡ್ಡ ಕಾಣುತ್ತದೆ. ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ 1966ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಅಮೆರಿಕದವರಿಗೆ ಅದು ಬಲವಾಗಿ ಕಂಡಿತು, ಕಲಹರಿಯ ಸ್ಯಾನ್ ಜನರಿಗೆ ಹೆಚ್ಚುಕಮ್ಮಿ ಕಾಣಲೇ ಇಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪ ಇದೇ: ಪಾಶ್ಚಾತ್ಯ ಕಾಲೇಜು ವಿದ್ಯಾರ್ಥಿಗಳನ್ನು ನೋಡಿ "ಮನುಷ್ಯರು ಹೀಗೆ" ಎಂದು ಬರೆಯುತ್ತಿದ್ದೇವೆ.

ನಾಲ್ಕನೆಯದು ಸಂಖ್ಯಾಶಾಸ್ತ್ರೀಯ ತೀರ್ಮಾನದ ಸಪ್ರಮಾಣತೆ. ಮಾದರಿ ಚಿಕ್ಕದಾದರೆ, ಹತ್ತು ತರಹ ವಿಶ್ಲೇಷಿಸಿ ಗೆದ್ದ ಒಂದನ್ನು ಮಾತ್ರ ಬರೆದರೆ, ಸಂಖ್ಯೆಗಳೇ ದಾರಿ ತಪ್ಪಿಸುತ್ತವೆ. 2015ರಲ್ಲಿ ಪ್ರಕಟವಾದ ದೊಡ್ಡ ಯೋಜನೆಯೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ ಶೇ. 97ರಷ್ಟು ಸಿಗ್ನಿಫಿಕೆಂಟ್ (ಬರೀ ಆಕಸ್ಮಿಕ ಎನ್ನಲು ಕಷ್ಟವಾದ) ಫಲಿತಾಂಶ ಇದ್ದವು, ಮರುಪ್ರಯೋಗದಲ್ಲಿ ಶೇ. 36. ವಿಶ್ಲೇಷಣೆಯ ಯೋಜನೆಯನ್ನು ದತ್ತಾಂಶ ಸಿಗುವ ಮೊದಲೇ ನೋಂದಾಯಿಸುವ ಪದ್ಧತಿ ಹೆಚ್ಚು ಚಾಲ್ತಿಗೆ ಬಂದದ್ದು ಇಂಥ ಅನುಭವಗಳಿಂದ.

ನೀವೇ ಮಾಡಿ ನೋಡಿ

ಇದೊಂದು ಕಲ್ಪಿತ ಪ್ರಯೋಗ. ಪರೀಕ್ಷೆಯ ವಾರದಲ್ಲಿ ಆತಂಕದ ಅಂಕ ಅತಿ ಹೆಚ್ಚು ಬಂದ 30 ವಿದ್ಯಾರ್ಥಿಗಳನ್ನು ಆರಿಸುತ್ತಾರೆ. ಒಂದು ತಿಂಗಳು ಧ್ಯಾನ ಕಲಿಸುತ್ತಾರೆ. 9 ಮಂದಿ ನಡುವೆ ಬಿಡುತ್ತಾರೆ. ಉಳಿದವರಿಗೆ ಧ್ಯಾನ ಕಲಿಸಿದ ಮೇಡಂ ಅವರೇ ಅದೇ ಪ್ರಶ್ನಾವಳಿ ಕೊಡುತ್ತಾರೆ. ಆತಂಕ ಇಳಿದಿದೆ.

ಧ್ಯಾನವನ್ನು ಬಿಟ್ಟು ಈ ಇಳಿಕೆಗೆ ಕನಿಷ್ಠ ಐದು ಕಾರಣ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಮುಚ್ಚಲು ಏನು ಮಾಡಬೇಕಿತ್ತು ಎಂದೂ ಬರೆಯಿರಿ. ಒಂದು ಸುಳಿವು: ಬಿಟ್ಟುಹೋದ ಒಂಬತ್ತು ಮಂದಿ ಯಾರು ಎಂಬುದರಿಂದ ಶುರುಮಾಡಿ. ಧ್ಯಾನದಿಂದ ಆತಂಕ ಇಳಿಯದವರೇ ಬಿಟ್ಟಿದ್ದರೆ, ಉಳಿದವರ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ.