‘ನೋಡ್ಲಾಕ ಚಂದ ಅದಾನಲ್ಲ’: ಆಟಿಸಂ ಮತ್ತು ಮುಖಲಕ್ಷಣದ ಎಂಟು ದಶಕ

ಕಲಬುರಗಿಯಲ್ಲಿ ಆಟಿಸಂ (ಒಡನಾಟ, ಮಾತು, ನಡವಳಿಕೆ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಮಗುವನ್ನು ಎತ್ತಿಕೊಂಡು ಹೊರಗೆ ಬಂದ ತಾಯಿಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ಒಂದಿದೆ: “ಕೂಸ ನೋಡ್ಲಾಕ ಎಷ್ಟ್ ಚಂದ ಅದ, ಅದಕ್ಕೇನಾಗ್ಯಾದವ್ವಾ?” ಸಮಾಧಾನ ಹೇಳಲೆಂದೇ ಆಡುವ ಮಾತಿದು. ಆದರೆ ಮಗುವಿನಲ್ಲಿ ಏನಾದರೂ ವ್ಯತ್ಯಾಸವಿದ್ದರೆ ಅದು ಮುಖದಲ್ಲಿ ಕಾಣಲೇಬೇಕು, ಕಾಣದಿದ್ದರೆ ಇಲ್ಲವೆಂದೇ ಅರ್ಥ ಎಂಬ ನಂಬಿಕೆ ಅದರೊಳಗೆ ಕುಳಿತಿದೆ. ನಮ್ಮ ಮನೆತನದಲ್ಲಿಯೂ ಇಂಥ ಒಬ್ಬ ಹುಡುಗ ಇರುವುದರಿಂದ, ಈ ನಂಬಿಕೆ ಎಲ್ಲಿಂದ ಬಂದು ಯಾವ ದಾರಿ ಹಿಡಿಯಿತು ಎಂದು ಹುಡುಕುವುದು ನನಗೆ ಬರೀ ಕುತೂಹಲದ ವಿಷಯವಾಗಿ ಉಳಿಯಲಿಲ್ಲ.

ವೈದ್ಯಶಾಸ್ತ್ರವೂ ಒಂದು ಕಾಲಕ್ಕೆ ಇದನ್ನೇ ನಂಬಿತ್ತು. ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ಬರೆದ ಲೇಖನದಲ್ಲಿ ಬುದ್ಧಿಮಾಂದ್ಯತೆಯುಳ್ಳವರನ್ನು ಮುಖಚಹರೆಯ ಆಧಾರದ ಮೇಲೆ, ಬೇರೆ ಬೇರೆ ಜನಾಂಗಗಳ ಹೆಸರು ಕೊಟ್ಟು ವಿಂಗಡಿಸಿದ್ದರು. ಆ ಜನಾಂಗೀಯ ವಿಂಗಡಣೆ ತಪ್ಪೆಂದು ಮುಂದೆ ಬಿದ್ದುಹೋಯಿತು. ಆದರೆ ಅವರು ಗುರುತಿಸಿದ ಒಂದು ಗುಂಪು ಇಂದಿಗೂ ಡೌನ್ ಸಿಂಡ್ರೋಮ್ ಎಂದು ಅವರ ಹೆಸರಿನಲ್ಲಿಯೇ ಉಳಿದಿದೆ. ಆ ಸ್ಥಿತಿಗೆ ಗುರುತಿಸಬಲ್ಲ ಮುಖಲಕ್ಷಣ ನಿಜವಾಗಿಯೂ ಇದ್ದುದರಿಂದ, ಎಲ್ಲ ಬೌದ್ಧಿಕ ವ್ಯತ್ಯಾಸಗಳೂ ಹೀಗೆಯೇ ಮುಖದ ಮೇಲೆ ಬರೆದಿರುತ್ತವೆ ಎಂಬ ನಿರೀಕ್ಷೆ ಗಟ್ಟಿಯಾಯಿತು.

ಈ ನಿರೀಕ್ಷೆ ತುಂಬಿದ್ದ ಕಾಲದಲ್ಲಿಯೇ, 1943ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳಲ್ಲಿ ಕಂಡ ಆಟಿಸಂ ಕುರಿತು ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚಿನ ಮಕ್ಕಳನ್ನು ಒಂದಲ್ಲ ಒಂದು ಹಂತದಲ್ಲಿ ಮಂದಬುದ್ಧಿಯವರೆಂದು ಕರೆಯಲಾಗಿತ್ತು. ಅದನ್ನು ಅಲ್ಲಗಳೆಯಲು ಕ್ಯಾನರ್ ಮುಂದಿಟ್ಟ ಮಾತುಗಳಲ್ಲಿ ಒಂದು, ಈ ಮಕ್ಕಳೆಲ್ಲರ ಮುಖದಲ್ಲಿ ಎದ್ದು ಕಾಣುವ ಬುದ್ಧಿಕಳೆ ಇದೆ ಎಂಬುದಾಗಿತ್ತು. ದೇಹದ ದೃಷ್ಟಿಯಿಂದ ಮಕ್ಕಳು ಬಹುಮಟ್ಟಿಗೆ ಸಾಮಾನ್ಯರಾಗಿದ್ದಾರೆ ಎಂದ ಅವರು, ಐವರ ತಲೆ ತುಸು ದೊಡ್ಡದಾಗಿತ್ತೆಂಬುದನ್ನು ದಾಖಲಿಸಿ ಮುಂದೆ ಸಾಗಿದರು. ಮರುವರ್ಷ, 1944ರಲ್ಲಿ, ಇಂಥ ಮಕ್ಕಳನ್ನೇ ಅಭ್ಯಾಸ ಮಾಡುತ್ತಿದ್ದ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾವು ಕಂಡ ಹುಡುಗರು ಎಳೆಗೂಸಿನ ಗುಂಡುಮುಖವನ್ನು ಬೇಗನೆ ಕಳೆದುಕೊಂಡು, ನವಿರಾದ ಎಲುಬಿನ, ಹೆಚ್ಚೂಕಡಿಮೆ ರಾಜಮನೆತನದವರಂಥ ಮುಖ ಪಡೆಯುತ್ತಾರೆ ಎಂದು ಬರೆದರು.

ಈ ಹೊಗಳಿಕೆಯನ್ನು ಓದುವಾಗ ಅದು ಹುಟ್ಟಿದ ಜಾಗವನ್ನು ಮರೆಯಲಾಗದು. ನಾಜಿ ಆಳ್ವಿಕೆಯ ವಿಯೆನ್ನಾದಲ್ಲಿ ಯಾವ ಮಗು ಸಮಾಜಕ್ಕೆ ಬೇಕು, ಯಾವುದು ಬೇಡ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಿದ್ದರು. ಆಸ್ಪರ್ಗರ್ ಕೆಲವು ಮಕ್ಕಳನ್ನು ಬೇಡವೆನಿಸಿದ ಮಕ್ಕಳನ್ನು ಕೊಲ್ಲುತ್ತಿದ್ದ ‘ಆಮ್ ಸ್ಪೀಗಲ್‌ಗ್ರುಂಡ್’ ಎಂಬ ಸಂಸ್ಥೆಗೆ ಶಿಫಾರಸು ಮಾಡಿದ್ದರು ಎಂಬುದನ್ನು 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ದಾಖಲೆಗಳ ಸಮೇತ ತೋರಿಸಿದರು. ಆ ಸಂಸ್ಥೆಯಲ್ಲಿ ಸುಮಾರು 800 ಮಕ್ಕಳು ಸತ್ತಿದ್ದರು. ಚೆಲುವಾದ, ಬುದ್ಧಿವಂತ ಮುಖ ಎಂಬ ವರ್ಣನೆ ಅಲ್ಲಿ ಕೇವಲ ವರ್ಣನೆಯಾಗಿ ಉಳಿದಿರಲು ಸಾಧ್ಯವಿರಲಿಲ್ಲ ಎಂದೇ ನನಗನಿಸುತ್ತದೆ.

ಯುದ್ಧ ಮುಗಿದ ಮೇಲೆ ಈ ಚೆಲುವಿನ ಬೆಲೆಯನ್ನು ತಾಯಂದಿರು ತೆತ್ತರು. ಮಗುವಿನ ದೇಹದಲ್ಲಿ ಕೊರತೆ ಕಾಣುವುದಿಲ್ಲ, ಮುಖ ಮುದ್ದಾಗಿದೆ; ಹಾಗಾದರೆ ತಪ್ಪು ಸಾಕಿದವರಲ್ಲಿಯೇ ಇರಬೇಕು ಎಂಬ ತರ್ಕಕ್ಕೆ ದಾರಿ ಸಲೀಸಾಯಿತು. 1949ರಲ್ಲಿ ಕ್ಯಾನರ್ ಅವರೇ, ತಂದೆತಾಯಿಯ ತಣ್ಣನೆಯ ವರ್ತನೆಯಿಂದ ಈ ಮಕ್ಕಳನ್ನು ಮಂಜು ಕರಗದ ಫ್ರಿಜ್‌ಗಳಲ್ಲಿ ಇಟ್ಟಂತಾಗಿತ್ತು ಎಂಬ ಅರ್ಥದ ಮಾತು ಬರೆದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಪುಸ್ತಕದ ಮೂಲಕ ಆ ದೂರನ್ನು ಮನೆಮನೆಗೆ ಮುಟ್ಟಿಸಿದರು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಇದನ್ನು ವಿರೋಧಿಸಿ, ಕಾರಣ ಜೈವಿಕವಾದದ್ದು ಎಂದು ವಾದಿಸಿದ್ದರು. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಅಭ್ಯಾಸ ಮಾಡಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದ ಮೇಲೆ ಆ ದೂರಿಗೆ ವಿಜ್ಞಾನದಲ್ಲಿ ನೆಲೆ ಉಳಿಯಲಿಲ್ಲ.

ನಮ್ಮ ಭಾಗದಲ್ಲಿ ಅದೇ ಚೆಲುವು ಬೇರೊಂದು ದಾರಿಯಿಂದ ತಾಯಿಯ ತಲೆಯ ಮೇಲೆಯೇ ಬಂದು ಕೂರುತ್ತದೆ. ಚೆಲುವಾದ ಕೂಸಿಗೆ ದೃಷ್ಟಿ ತಾಕುತ್ತದೆಂದು ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದು ಇಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ನಡೆದು ಬಂದ ರೂಢಿ. ಆಟಿಸಂ ಇರುವ ಕೆಲವು ಮಕ್ಕಳು ಒಂದೂವರೆ, ಎರಡು ವರ್ಷದ ಹೊತ್ತಿಗೆ, ಅಲ್ಲಿಯವರೆಗೆ ಆಡುತ್ತಿದ್ದ ನಾಲ್ಕಾರು ಮಾತುಗಳನ್ನೂ ಬಿಟ್ಟು, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನೂ ನಿಲ್ಲಿಸುತ್ತಾರೆ. ಮುದ್ದಾದ ಕೂಸು, ಚೆನ್ನಾಗಿಯೇ ಇದ್ದುದು, ಯಾವುದೋ ಲಗ್ನಕ್ಕೋ ಜಾತ್ರೆಗೋ ಹೋಗಿ ಬಂದ ಮೇಲೆ ಮಾತು ನಿಲ್ಲಿಸಿತು ಎಂದಾಗ, “ಚಂದನ ಕೂಸಿಗಿ ದೃಷ್ಟಿ ಆಗ್ಯಾದ” ಎಂಬ ವಿವರಣೆ ಎಷ್ಟು ಸಹಜವಾಗಿ ಹೊಂದಿಕೊಳ್ಳುತ್ತದೆ ಎಂದು ಯೋಚಿಸಬೇಕು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸುತ್ತಾರೆ, ತಾಯತ ಕಟ್ಟುತ್ತಾರೆ, ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೋ ಬಂದೇನವಾಜರ ದರ್ಗಾಕ್ಕೋ ಹರಕೆ ಹೊರುತ್ತಾರೆ. ಹರಕೆ ಹೊತ್ತವರನ್ನು ನಾನು ದೂಷಿಸಲಾರೆ. ದಿಕ್ಕು ತೋಚದ ಮನೆಗೆ ಅದೊಂದು ಆಸರೆ. ಆದರೆ ದೃಷ್ಟಿ ತೆಗೆಯುವುದರಲ್ಲಿ ಕಳೆದ ತಿಂಗಳುಗಳು ಮಾತಿನ ತರಬೇತಿ ಶುರುವಾಗಬೇಕಾಗಿದ್ದ ತಿಂಗಳುಗಳೂ ಆಗಿರುತ್ತವೆ, ಮತ್ತು ಕೆನ್ನೆಗೆ ಬೊಟ್ಟು ಇಡಲು ಮರೆತಿದ್ದೆಯಾ ಎಂಬ ಪ್ರಶ್ನೆಯನ್ನು ತಂದೆಗೆ ಯಾರೂ ಕೇಳುವುದಿಲ್ಲ.

ಸಂಶೋಧಕರು ಈ ನಡುವೆ ವಿರುದ್ಧ ದಿಕ್ಕಿನಲ್ಲಿಯೂ ಹುಡುಕಿದರು. ಅಮೆರಿಕದಲ್ಲಿ ಕ್ರಿಸ್ಟಿನಾ ಆಲ್ಡ್ರಿಡ್ಜ್ ಮತ್ತು ಸಂಗಡಿಗರು 8ರಿಂದ 12 ವರ್ಷದ ಹುಡುಗರ ಮುಖವನ್ನು ಮೂರು ಆಯಾಮದ ಕ್ಯಾಮೆರಾದಿಂದ ಅಳೆದು, ಆಟಿಸಂ ಇರುವವರಲ್ಲಿ ಮುಖದ ಮೇಲ್ಭಾಗ ತುಸು ಅಗಲ, ನಡುಭಾಗ ತುಸು ಗಿಡ್ಡ ಎಂದು 2011ರಲ್ಲಿ ವರದಿ ಮಾಡಿದರು. ಇದು ಗುಂಪಿನ ಸರಾಸರಿಯ ಮಾತು. ಎದುರಿಗೆ ನಿಂತ ಒಬ್ಬ ಹುಡುಗನ ಮುಖ ನೋಡಿ ಹೇಳಬಹುದಾದ ಸಂಗತಿಯಲ್ಲ. ಫ್ರಜೈಲ್ ಎಕ್ಸ್‌ನಂಥ ಆನುವಂಶಿಕ ಸ್ಥಿತಿಯಲ್ಲಿ ನೀಳ ಮುಖ, ದೊಡ್ಡ ಕಿವಿ ಕಾಣಬಹುದು, ಅಂಥವರಲ್ಲಿ ಹಲವರಿಗೆ ಆಟಿಸಂ ಕೂಡ ಇರುತ್ತದೆ. ಆದರೆ ಆ ಮುಖಲಕ್ಷಣ ಫ್ರಜೈಲ್ ಎಕ್ಸ್‌ಗೆ ಸೇರಿದ್ದು. ಫೋಟೊ ತೋರಿಸಿದರೆ ಆಟಿಸಂ ಪತ್ತೆ ಮಾಡುತ್ತೇವೆ ಎನ್ನುವ ಕಂಪ್ಯೂಟರ್ ಪ್ರಯೋಗಗಳೂ ಬಂದಿವೆ, ಅವುಗಳಲ್ಲಿ ಕೆಲವು ಅಂತರ್ಜಾಲದಲ್ಲಿ ಸಿಕ್ಕ ಮಕ್ಕಳ ಚಿತ್ರಗಳನ್ನೇ ನೆಚ್ಚಿಕೊಂಡಿವೆ. ಡೌನ್ ಅವರ ಕಾಲದ ಹಂಬಲ ಇನ್ನೂ ಹೋಗಿಲ್ಲ.

ನಮ್ಮ ದೇಶದ ಪರೀಕ್ಷಾ ಪಟ್ಟಿ ಆ ಹಂಬಲಕ್ಕೆ ಜಾಗ ಕೊಟ್ಟಿಲ್ಲ ಎಂಬುದು ನನಗೆ ನೆಮ್ಮದಿ ತರುವ ಸಂಗತಿ. ಆಟಿಸಂ ಇದೆ ಎಂದು ಅಂಗವೈಕಲ್ಯದ ಪ್ರಮಾಣಪತ್ರ ಕೊಡುವಾಗ ಬಳಸುವ ‘ಇಸಾ’ ಎಂಬ ಭಾರತೀಯ ಮಾಪನ ರೂಪುಗೊಂಡದ್ದು ಕಲಬುರಗಿಯವರು ರೈಲು ಹತ್ತಿ ಹೋಗುವ ಸಿಕಂದರಾಬಾದ್‌ನ, ಬೌದ್ಧಿಕ ಅಂಗವೈಕಲ್ಯಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆಯಲ್ಲಿ. ಅದರ 40 ಅಂಶಗಳು ಒಡನಾಟ, ಭಾವನೆ, ಮಾತು, ನಡವಳಿಕೆ, ಇಂದ್ರಿಯಗಳ ಸ್ಪಂದನೆ, ಗ್ರಹಿಕೆಗಳಿಗೆ ಸಂಬಂಧಿಸಿದವು. ಒಟ್ಟು ಅಂಕ 70 ಮುಟ್ಟಿದರೆ ಆಟಿಸಂ ಎಂದು ಎಣಿಸುತ್ತಾರೆ. ಮುಖದ ಅಂದಚೆಂದದ ಬಗ್ಗೆ ಅಲ್ಲಿ ಒಂದೂ ಪ್ರಶ್ನೆಯಿಲ್ಲ. ಕಾನೂನು ಮಾತ್ರ ತಡವಾಗಿ ಬಂತು: 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಸ್ಥಾನ ಪಡೆಯಿತು.

ಪ್ರಶ್ನೆಯನ್ನೇ ತಿರುಗಿಸಿದವರು ಟೆಕ್ಸಸ್‌ನ ನೋವಾ ಸ್ಯಾಸನ್ ಮತ್ತು ಸಂಗಡಿಗರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಆಟಿಸಂ ಇರುವ ವಯಸ್ಕರು ಮಾತನಾಡುವ ಕೆಲವೇ ಸೆಕೆಂಡುಗಳ ತುಣುಕನ್ನು ಕಂಡ ಅಪರಿಚಿತರು ಅವರ ಬಗ್ಗೆ ಕಡಿಮೆ ಒಲವು ತೋರಿಸಿದರು, ಅವರೊಡನೆ ಬೆರೆಯಲು ಹಿಂಜರಿದರು. ಆ ವಯಸ್ಕರು ಆಡಿದ ಮಾತನ್ನು ಬರಹದಲ್ಲಿ ಮಾತ್ರ ಓದಿದಾಗ ಆ ಹಿಂಜರಿಕೆ ಮಾಯವಾಯಿತು. ಆಟಿಸಂ ಇದೆ ಎಂದು ಮೊದಲೇ ತಿಳಿಸಿದಾಗ ನೋಡುವವರ ಅಭಿಪ್ರಾಯ ಸುಧಾರಿಸುತ್ತದೆ ಎಂಬುದು ಅದೇ ತಂಡದವರ ಮುಂದಿನ ಕೆಲಸದಿಂದ ಗೊತ್ತಾಯಿತು. ಅಂದರೆ ‘ರಾಜಕಳೆಯ’ ಬಾಲಕ ಬೆಳೆದು ದೊಡ್ಡವನಾದಾಗ ಅವನ ರೂಪಕ್ಕೆ ಬೀಳುವ ಅಂಕ, ಅವನ ಮೂಗು ಬಾಯಿಗಿಂತ ಹೆಚ್ಚಾಗಿ, ಅವನ ನಿಲುವು, ದನಿಯ ಏರಿಳಿತ, ಕಣ್ಣು ಕೂಡಿಸುವ ರೀತಿಯನ್ನು ನೋಡುವವರು ಹೇಗೆ ಓದುತ್ತಾರೆ ಎಂಬುದಕ್ಕೆ ಜೋತುಬಿದ್ದಿದೆ.

ಅಲಂಕಾರದ ಮಾತೂ ಇಲ್ಲಿಯೇ ಸೇರಬೇಕು. ಬೆಳಕು, ಸದ್ದು, ಸ್ಪರ್ಶಗಳಿಗೆ ಅತಿಯಾಗಿಯೋ ಕಡಿಮೆಯಾಗಿಯೋ ಸ್ಪಂದಿಸುವುದನ್ನು 2013ರಿಂದ ರೋಗನಿರ್ಣಯದ ಲಕ್ಷಣಗಳಲ್ಲಿ ಸೇರಿಸಲಾಗಿದೆ. ಜವಳ ತೆಗೆಸುವಾಗ ಕೂಸು ಹಿಡಿತಕ್ಕೆ ಸಿಗದಂತೆ ಚೀರುವುದು, ಹಬ್ಬಕ್ಕೆ ತಂದ ಗಂಜಿ ಹಾಕಿದ ಹೊಸ ಅಂಗಿಯನ್ನು ಕಿತ್ತೆಸೆಯುವುದು, ಹಲ್ಲುಜ್ಜಲು, ಉಗುರು ಕತ್ತರಿಸಲು ಬಿಡದಿರುವುದು, ಏಪ್ರಿಲ್ ಬಿಸಿಲಿನಲ್ಲಿಯೂ ಒಂದೇ ಹಳೆಯ ಸ್ವೆಟರ್ ಬೇಕೆನ್ನುವುದು, ಇವೆಲ್ಲ ಹಟವೆಂದೇ ಕಾಣುತ್ತವೆ; ಮಗುವಿಗಾದರೋ ಕಟಿಂಗ್ ಮಷೀನಿನ ಸದ್ದು ನೋವಿನಷ್ಟೇ ನಿಜ. ಹೀಗೆ ಕೆದರಿದ ತಲೆಯ ಹುಡುಗನನ್ನು ಕಂಡವರು ಮನೆಯವರಿಗೆ ಕಾಳಜಿಯಿಲ್ಲ ಎನ್ನುತ್ತಾರೆ. ನಮ್ಮ ಹುಡುಗನ ಕ್ಷೌರ ಈಗ ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ, ಬರೀ ಕತ್ತರಿಯಿಂದ, ಎರಡು ಕಂತಿನಲ್ಲಿ ನಡೆಯುತ್ತದೆ. ಇದನ್ನು ಕಂಡುಕೊಳ್ಳಲು ನಮಗೆ ಮೂರು ವರ್ಷ ಹಿಡಿಯಿತು.

ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟದ್ದು. ಅವರಲ್ಲಿ ಹಲವರು ಸುತ್ತಲಿನವರನ್ನು ನೋಡಿ ನೋಡಿ ನಗು, ನಡೆ, ಉಡುಗೆಗಳನ್ನು ಅನುಕರಿಸುವುದರಿಂದ ಗುರುತು ಸಿಗುವುದೇ ತಡವಾಗುತ್ತದೆ. ಸುಮ್ಮನಿರುವ, ತಲೆಯೆತ್ತಿ ಕಣ್ಣು ಕೂಡಿಸದ, ನೋಡಲು ಲಕ್ಷಣವಾಗಿರುವ ಹುಡುಗಿಯನ್ನು ಹೆಣ್ಣು ನೋಡಲು ಬಂದವರು ನಾಚಿಕೆಯವಳೆಂದು ಮೆಚ್ಚುತ್ತಾರೆ. “ಲಗ್ನ ಮಾಡಿದ್ರ ಎಲ್ಲಾ ಸರಿ ಆಗ್ತದ” ಎಂಬ ಹಿರಿಯರ ಮಾತು ಆಗ ಗೆಲ್ಲುತ್ತದೆ. ಹೊಸ ಮನೆಯ ಗದ್ದಲ, ಅಪರಿಚಿತ ಸ್ಪರ್ಶ, ಕ್ಷಣಕ್ಷಣಕ್ಕೆ ಬದಲಾಗುವ ನಿರೀಕ್ಷೆಗಳ ನಡುವೆ ಆಕೆ ಕಂಗೆಟ್ಟಾಗ, ಮೊದಲು ಮೆಚ್ಚಿದ್ದ ಮೌನವೇ ಸೊಕ್ಕು ಎನ್ನಿಸಿಕೊಳ್ಳುತ್ತದೆ, ಮತ್ತು ತವರಿಗೆ ಬರುವ ಮೊದಲ ದೂರು, ಇಷ್ಟು ಚಂದದ ಹುಡುಗಿಯಲ್ಲಿ ಇಂಥದ್ದಿದೆ ಎಂದು ನೀವು ಮುಚ್ಚಿಟ್ಟಿರಿ ಎಂಬುದಾಗಿರುತ್ತದೆ.