ಟಿಎಂಸಿ ಲೆಕ್ಕದಿಂದ ಎಕರೆ ಲೆಕ್ಕಕ್ಕೆ

ನೀರಾವರಿ ಯೋಜನೆಯೊಂದರ ಪ್ರಗತಿ ವರದಿ ಪರಿಶೀಲನೆಗೆ ಬಂದಾಗ ನಾನು ಮೊದಲು ಹುಡುಕುವುದು ಕೊನೆಯಂಚಿನ ತೂಬಿನಲ್ಲಿ ಯಾವ ತಿಂಗಳು ಎಷ್ಟು ದಿನ ನೀರು ಹರಿಯಿತು ಎಂಬ ವಿವರವನ್ನು. ಎಷ್ಟು ಕಿಲೋಮೀಟರ್ ಕಾಲುವೆ ಆಯಿತು, ಎಷ್ಟು ಹೆಕ್ಟೇರಿಗೆ ನೀರಾವರಿ ಸಾಮರ್ಥ್ಯ ಸೃಷ್ಟಿಯಾಯಿತು ಎಂಬ ಅಂಕಿಗಳು ಸುಲಭವಾಗಿ ಸಿಗುತ್ತವೆ. ಆದರೆ ಸಾಮರ್ಥ್ಯ ಸೃಷ್ಟಿಯಾದ ಹೊಲಕ್ಕೆಲ್ಲ ನೀರು ಮುಟ್ಟಿದೆ ಎಂದು ತಿಳಿಯಲಾಗದು. ಭೂಮಿ ಮತ್ತು ನೀರಿನ ನೀತಿಯನ್ನು ವಿಶ್ಲೇಷಿಸುವವರ ಕೆಲಸದ ಬಹುಪಾಲು ಈ ಎರಡರ ನಡುವಿನ ಅಂತರವನ್ನು ಅಳೆಯುವುದರಲ್ಲೇ ಕಳೆಯುತ್ತದೆ.

ನಮ್ಮ ಭಾಗದಲ್ಲಿ ನೀರಿನ ಮಾತೆಲ್ಲ ಟಿಎಂಸಿಯಲ್ಲೇ ನಡೆಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಅಷ್ಟು ನೀರನ್ನು ಒಂದು ಮೀಟರ್ ಆಳಕ್ಕೆ ನಿಲ್ಲಿಸಿದರೆ ಹೆಚ್ಚುಕಡಿಮೆ 7,000 ಎಕರೆಗೆ ಸಾಲುತ್ತದೆ. ಹಿಂಗಾರಿ ಜೋಳಕ್ಕೋ ಕಡಲೆಗೋ ಬೇಕಾಗುವ ನೀರು ಈ ಒಂದು ಮೀಟರ್ ಆಳದ ಅರ್ಧಕ್ಕಿಂತಲೂ ಕಡಿಮೆ. ವರ್ಷಪೂರ್ತಿ ಹೊಲದಲ್ಲಿ ನಿಲ್ಲುವ ಕಬ್ಬಿಗಾದರೆ ಒಂದೂವರೆ ಮೀಟರಿಗೂ ಹೆಚ್ಚು ಬೇಕು. ಹೀಗಾಗಿ ಕಾಲುವೆಯ ಮೇಲ್ಭಾಗದಲ್ಲಿ ಒಂದು ಎಕರೆ ಕಬ್ಬು ಎದ್ದರೆ, ಕೆಳಗೆ ಮೂರು ನಾಲ್ಕು ಎಕರೆ ಕಡಲೆ ಒಣಗುವ ಸಾಧ್ಯತೆಯಿದೆ. ಸೋರಿಕೆಯನ್ನು ನಾನಿಲ್ಲಿ ಲೆಕ್ಕಕ್ಕೆ ಹಿಡಿದೇ ಇಲ್ಲ.

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅದರ ಕಾಲುವೆಗಳ ನೀರನ್ನು ನಂಬಿರುವ ನವಲಗುಂದ, ನರಗುಂದ, ರೋಣದ ಕಡೆಯ ನೆಲ ಬಹುತೇಕ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಹಿಂಗಾರಿ ಬೆಳೆಯನ್ನು ದಡ ಸೇರಿಸುವುದು ಈ ಮಣ್ಣಿನ ದೊಡ್ಡ ಗುಣ. ಅದೇ ಗುಣ ಕಾಲುವೆ ನೀರಿನ ಕೆಳಗೆ ಕಾಟವಾಗುತ್ತದೆ: ಜಿಗುಟು ಮಣ್ಣಿನಲ್ಲಿ ಹೆಚ್ಚಿಗೆ ಹಾಯಿಸಿದ ನೀರು ಬೇಗ ಬಸಿದು ಹೋಗದೆ ಬೇರಿನ ಮಟ್ಟದಲ್ಲೇ ನಿಲ್ಲುತ್ತದೆ, ಬಿಸಿಲಿಗೆ ಆ ನೀರು ಮೇಲೇರಿ ಆರಿದಾಗ ಅದರೊಳಗಿನ ಲವಣ ನೆಲದ ಮೇಲೆ ಉಳಿಯುತ್ತದೆ. ಇಂಥ ಹೊಲದಲ್ಲಿ ಬದುವಿನ ಅಂಚಿಗೆ ಬೂದಿ ಚೆಲ್ಲಿದಂತೆ ಬಿಳಿ ಪದರು ಕಾಣುತ್ತದೆ, ನಡುವಿನ ಸಾಲುಗಳಲ್ಲಿ ಬೀಜ ಮೊಳೆಯುವುದಿಲ್ಲ, ಮೊಣಕೈಯುದ್ದ ಗುಂಡಿ ತೋಡಿದರೆ ತಳದಲ್ಲಿ ನೀರು ಜಿನುಗುತ್ತದೆ. ರೈತರು ಇದನ್ನು ಸವಳು, ಜವಳು ಎನ್ನುತ್ತಾರೆ. ಪಹಣಿಯಲ್ಲಿ ಮಾತ್ರ ಆ ಹೊಲ ನೀರಾವರಿ ಜಮೀನೆಂದೇ ಇರುತ್ತದೆ, ಸಾಮರ್ಥ್ಯದ ಹೆಕ್ಟೇರುಗಳಲ್ಲೂ ಎಣಿಕೆಯಾಗುತ್ತದೆ.

ಹೀಗೆ ಒಂದೇ ಕಾಲುವೆಯ ಮೇಲ್ತುದಿ ನೀರು ಹೆಚ್ಚಾಗಿ ಕೆಡುತ್ತದೆ, ಕೆಳತುದಿ ನೀರು ಕಾಣದೆ ಒಣಗುತ್ತದೆ. "ಮ್ಯಾಲಿನವರು ಬಿಟ್ಟರ ನಮಗ ಬರತೈತ್ರಿ" ಎಂದು ಕೊನೆಯಂಚಿನ ರೈತರು ಹೇಳುವಾಗ ಅದರಲ್ಲಿ ದೂರಿಗಿಂತ ವಸ್ತುಸ್ಥಿತಿಯ ವಿವರಣೆಯೇ ಹೆಚ್ಚು. ನೀರು ಸರಿಯಾಗಿ ಮುಟ್ಟದ, ಜವಳು ಹಿಡಿದ ಜಮೀನಿಗೂ ಅಭಿವೃದ್ಧಿ ಕರ (ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚಿತೆಂದು ಹಾಕುವ ಕರ) ಕಟ್ಟಬೇಕೆಂಬ ಒತ್ತಾಯವೇ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತ ಬಂಡಾಯಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಆ ಬಂಡಾಯ ಗೋಲಿಬಾರಿನಲ್ಲಿ ಜೀವಗಳನ್ನು ಕಳೆದುಕೊಂಡಿತು. ಕಾಗದದ ನೀರಾವರಿಯನ್ನೇ ನಿಜವೆಂದು ನಂಬಿ ಕರ ನಿಗದಿ ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇರಿಲ್ಲ.

ಪರಿಹಾರಗಳು ಅಪರಿಚಿತವಲ್ಲ. ಬಸಿಗಾಲುವೆಗಳನ್ನು ತೆಗೆದು ಹೂಳೆತ್ತುತ್ತಿರಬೇಕು, ಕ್ಷಾರ ಹೆಚ್ಚಿದಲ್ಲಿ ಮಣ್ಣು ಪರೀಕ್ಷೆ ನೋಡಿ ಜಿಪ್ಸಂ ಹಾಕಬೇಕು. ಕಷ್ಟವಿರುವುದು ಹಂಚಿಕೆಯಲ್ಲಿ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ರಲ್ಲಿ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿಕೊಟ್ಟಿತು. ಆದರೆ ಉಪಕಾಲುವೆಯ ಬಾಯಲ್ಲಿ ಅಳತೆಯ ವ್ಯವಸ್ಥೆಯೇ ಇಲ್ಲದಿದ್ದರೆ ಸಂಘ ಯಾವ ಆಧಾರದ ಮೇಲೆ ಪಾಲು ಕೇಳಬೇಕು? ಎಕರೆಗೆ ಇಷ್ಟು ಎಂದು ನೀರಿನ ಕರ ವಿಧಿಸುವಾಗ ಮಿತವಾಗಿ ಬಳಸಿದವರಿಗೂ ಹೆಚ್ಚಿಗೆ ಹಾಯಿಸಿದವರಿಗೂ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ನನ್ನ ಟಿಪ್ಪಣಿಗಳಲ್ಲಿ ಹೊಸ ಕಾಲುವೆಗಿಂತ ಮೊದಲು ಅಳತೆಯ ಗೇಜು ಕೇಳುತ್ತೇನೆ. ಪಹಣಿಯ ಬೆಳೆ ಕಲಮನ್ನು ಬೆಳೆ ಸಮೀಕ್ಷೆಯ ಚಿತ್ರಗಳೊಂದಿಗೆ ಹೋಲಿಸಿ, ಯಾವ ಉಪಕಾಲುವೆಯಲ್ಲಿ ಅನುಮತಿಸಿದ ಬೆಳೆಪದ್ಧತಿ ಮೀರಿದೆ ಎಂಬುದನ್ನೂ ಸೇರಿಸುತ್ತೇನೆ.

ಹೊರಗಿನಿಂದ ಬರುವ ನೀರನ್ನೂ ಹೆಚ್ಚು ನಂಬುವಂತಿಲ್ಲ. ಗೋವಾ, ಮಹಾರಾಷ್ಟ್ರಗಳೊಂದಿಗಿನ ನದಿ ನೀರಿನ ವಿವಾದಕ್ಕೆ ರಚಿಸಿದ ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ನೀಡಿದ 13.42 ಟಿಎಂಸಿಯಲ್ಲಿ ಕಳಸಾ-ಬಂಡೂರಿ ಹಳ್ಳಗಳ ಮೂಲಕ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ ಮಾತ್ರ, ಅದೂ ಕುಡಿಯುವ ನೀರಿಗೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳೂ ಇದೇ ಜಲಾಶಯವನ್ನು ನಂಬಿವೆ, ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರಿಗೆ ಮೊದಲ ಆದ್ಯತೆ ಇರುವುದೂ ನ್ಯಾಯವೇ. ಆದರೆ ಅಂಥ ವರ್ಷ ಯಾವ ಕಾಲುವೆಗೆ ಎಷ್ಟು ದಿನ ನೀರು ಕಡಿತವಾಗುತ್ತದೆ ಎಂಬ ಪಟ್ಟಿ ಬಿತ್ತನೆಗೆ ಮೊದಲೇ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ಹಾಗೆ ಬಂದರೆ ಕೊನೆಯಂಚಿನ ರೈತರು ಗೋವಿನಜೋಳ ಬಿತ್ತಿ ಕಾಯುವ ಬದಲು ಕಡಲೆಗೆ ಹೊಲ ಹದ ಮಾಡಿಕೊಳ್ಳಬಹುದು.