ಬೆಲ್‌ಕ್ರ್ಯಾಂಕ್ ಅಲ್ಲ, ರೆಕ್ಕೆ ತುದಿಯ ತೂತು ನೋಡಿ

ಕಳೆದ ಆಷಾಢದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಚಿತ್ರದುರ್ಗದ ನಮ್ಮ ಮನೆಗೆ ಕಂಟ್ರೋಲ್ ಲೈನ್ ವಿಮಾನ ಹಿಡಿದುಕೊಂಡು ಬಂದ. ಕೈಯಲ್ಲಿ ಹ್ಯಾಂಡಲ್ ಹಿಡಿದು, ಎರಡು ಲೈನ್ ಅಂದರೆ ತಂತಿ ಕಟ್ಟಿ, ನಮ್ಮ ಸುತ್ತ ಹಾರಿಸುವ ಮಾದರಿ ವಿಮಾನ ಅದು. ಬಾಲ್ಸಾ ಅನ್ನುವ ಹಗುರ ಮರದ ಕೆಲಸ ಬಹಳ ಅಚ್ಚುಕಟ್ಟು. ಆದರೆ ಎಡರೆಕ್ಕೆಯ ಮೇಲೆ ಎರಡು ತೇಪೆ. "ಸರ್, ತಲೆ ಮೇಲೆ ಬಂದ್ರೆ ಲೈನ್ ಸಡಿಲ ಆಗುತ್ತೆ. ಬೆಲ್‌ಕ್ರ್ಯಾಂಕ್ ಎರಡು ಸಲ ಕಿತ್ತು ಹಿಂದಕ್ಕೆ ಹಾಕಿದೆ. ಏನೂ ಪ್ರಯೋಜನ ಆಗ್ಲಿಲ್ಲ" ಅಂದ.

ಇದನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕರೆಂಟ್ ತಂತಿ ಹತ್ತಿರ ಹಾರಿಸಬಾರದು, ಹ್ಯಾಂಡಲ್‌ಗೆ ಮಣಿಕಟ್ಟಿನ ಪಟ್ಟಿ ಬೇಕು, ಇದೆಲ್ಲ ಅವರಿಗೆ ಗೊತ್ತು. ಬೆಲ್‌ಕ್ರ್ಯಾಂಕ್ ಅಂದರೆ ಲೈನಿನ ಎಳೆತಕ್ಕೆ ತಿರುಗಿ ಎಲಿವೇಟರನ್ನು, ಅಂದರೆ ಮೂಗು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿಯನ್ನು, ಆಡಿಸುವ ಸನ್ನೆ. ಅದರಿಂದ ರೆಕ್ಕೆಯ ತುದಿಗೆ ಬಂದು ಲೈನಿಗೆ ಸೇರುವ ತಂತಿಗಳೇ ಲೀಡ್‌ಔಟ್. ಈ ಲೀಡ್‌ಔಟ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಬೆಲ್‌ಕ್ರ್ಯಾಂಕ್ ಹಿಂದೆ ಬೀಳುತ್ತಾರೆ.

ಗಾಳಿಪಟಕ್ಕೆ ಸೂತ್ರ ಕಟ್ಟಿದ್ದೀರಿ ಅಲ್ವಾ? ಸೂತ್ರದ ಗಂಟು ಸ್ವಲ್ಪ ಮೇಲೆ ಕೆಳಗೆ ಆದರೆ ಪಟದ ನಡತೆಯೇ ಬದಲಾಗುತ್ತದೆ. ದಾರದ ಉಂಡೆ ಯಾವ ಕೈಯಲ್ಲಿದೆ ಅನ್ನುವುದು ಪಟಕ್ಕೆ ಬೇಕಿಲ್ಲ. ಇಲ್ಲೂ ಹಾಗೇ. ಲೈನು ವಿಮಾನವನ್ನು ಹಿಡಿದಿರುವುದು ಎಡರೆಕ್ಕೆಯ ತುದಿಯಲ್ಲಿ, ಲೀಡ್‌ಔಟ್ ಹೊರಗೆ ಬರುವ ತೂತಿನಲ್ಲಿ. ಅಲ್ಲಿಂದ ಒಳಗೆ ತಂತಿ ಹೇಗೆ ಹೋದರೂ, ಬೆಲ್‌ಕ್ರ್ಯಾಂಕ್ ಒಂದು ಇಂಚು ಹಿಂದಿದ್ದರೂ ಮುಂದಿದ್ದರೂ, ಮೂಗು ಯಾವ ಕಡೆ ತಿರುಗಬೇಕು ಎಂದು ತೀರ್ಮಾನಿಸುವುದು ಆ ತೂತು. ಬೆಲ್‌ಕ್ರ್ಯಾಂಕ್ ಕೆಲಸ ಎಲಿವೇಟರ್ ಆಡಿಸುವುದು, ಅಷ್ಟೇ.

ಆ ತೂತು ಸಿಜಿಗಿಂತ, ಅಂದರೆ ತೂಕ ಸಮವಾಗಿ ನಿಲ್ಲುವ ಜಾಗಕ್ಕಿಂತ, ಹಿಂದೆ ಇರಬೇಕು. ನೇರಕ್ಕೇ ಇದ್ದರೆ ಸಾಲದಾ ಎಂದು ಕೇಳುತ್ತಾರೆ. ಸಾಲದು. ಹಾರುವಾಗ ಲೈನ್ ನೆಟ್ಟಗಿರುವುದಿಲ್ಲ. ಗಾಳಿಯ ತಡೆಗೆ ಹಿಂದಕ್ಕೆ ಬಾಗುತ್ತದೆ. ತೂತು ಮುಂದಿದ್ದರೆ ಮೂಗು ನಮ್ಮ ಕಡೆ ತಿರುಗುತ್ತದೆ, ಬಿಗಿ ಹೋಗುತ್ತದೆ. ಬಿಗಿ ಹೋದರೆ ಹ್ಯಾಂಡಲ್ ಎಷ್ಟು ಎಳೆದರೂ ಎಲಿವೇಟರ್ ಅಲ್ಲಾಡುವುದಿಲ್ಲ. ಹಾಗಂತ ತೀರಾ ಹಿಂದೆ ಇಟ್ಟರೆ ವಿಮಾನ ಅಡ್ಡಡ್ಡ ಹಾರಿ ವೇಗ ಕಳೆದುಕೊಳ್ಳುತ್ತದೆ.

ಎಷ್ಟು ಹಿಂದೆ? 1.3 ಮೀಟರ್ ರೆಕ್ಕೆಯ ವಿಮಾನಕ್ಕೆ ನಾನು ಎರಡು ಲೀಡ್‌ಔಟ್‌ಗಳ ನಡುವಿನ ಜಾಗವನ್ನು ಸಿಜಿಯಿಂದ ಸುಮಾರು 2 ಸೆಂ.ಮೀ. ಹಿಂದಿಟ್ಟು ಶುರು ಮಾಡುತ್ತೇನೆ. ಇದು ಶುರುವಿನ ಅಳತೆ ಮಾತ್ರ. ಲೈನಿನ ದಪ್ಪ, ಉದ್ದ, ವೇಗ ಬದಲಾದರೆ ಇದೂ ಬದಲಾಗುತ್ತದೆ. ಅದಕ್ಕೇ ತುದಿಯಲ್ಲಿ ಜರುಗಿಸುವ ಗೈಡ್ ಇಟ್ಟುಕೊಳ್ಳಿ ಅನ್ನುವುದು. ಸಿಜಿ ನೋಡುವಾಗ ಟ್ಯಾಂಕ್ ಖಾಲಿ ಇರಲಿ. ಟ್ಯಾಂಕ್ ಮೂಗಿನ ಕಡೆ ಇರುವುದರಿಂದ ಇಂಧನ ಮುಗಿದಂತೆ ಸಿಜಿ ಹಿಂದಕ್ಕೆ ಬಂದು ಈ 2 ಸೆಂ.ಮೀ.ಯನ್ನು ತಿಂದುಬಿಡುತ್ತದೆ. ಮನೆಯಲ್ಲೇ ನೋಡಬೇಕೆಂದರೆ ಎರಡೂ ಲೀಡ್‌ಔಟ್ ಜೋಡಿಸಿ ಕಿಟಕಿ ಸರಳಿಗೆ ವಿಮಾನ ನೇತುಹಾಕಿ. ಮೂಗು ಸ್ವಲ್ಪವೇ ಕೆಳಗೆ ವಾಲಬೇಕು.

ನಮ್ಮ ದುರ್ಗದಲ್ಲಿ ಇದು ಇನ್ನೂ ಮುಖ್ಯ. ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಸುಮ್ನೆ ನಿಂತಿಲ್ಲ! ಗಾಳಿ ಬರುವ ಕಡೆ ವಿಮಾನ ಹೋದಾಗ ಗಾಳಿಯೇ ಅದನ್ನು ನಮ್ಮ ಮೇಲಕ್ಕೆ ತಳ್ಳುತ್ತದೆ. ಆ ಹೊತ್ತಿನಲ್ಲಿ ಮೂಗೂ ಒಳಕ್ಕೆ ತಿರುಗಿದರೆ ದೇವರೇ ಗತಿ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. 1.2 ಕೆ.ಜಿ. ವಿಮಾನ 20 ಮೀಟರ್ ಲೈನಿನಲ್ಲಿ 5 ಸೆಕೆಂಡಿಗೆ ಒಂದು ಸುತ್ತು ಹೊಡೆದರೆ ಕೈಗೆ ಹತ್ತಿರ ಹತ್ತಿರ 4 ಕೆ.ಜಿ. ಎಳೆತ. ಹಾರಿಸುವ ಮೊದಲು ತೂಕದ 10 ಪಟ್ಟು, ಇಲ್ಲಿ 12 ಕೆ.ಜಿ., ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆದು ನೋಡುತ್ತೇನೆ. ಲೀಡ್‌ಔಟ್ ಕುಣಿಕೆಯನ್ನು ಬರೀ ಬೆಸುಗೆ ನಂಬಿ ಬಿಡಬೇಡಿ. ತೆಳು ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ. ಒಂದು ಎಳೆ ಕಿತ್ತು ಬಂದಿದ್ದರೂ ಆ ಲೀಡ್‌ಔಟ್ ಬದಲಿಸಿ.

ಆ ಹುಡುಗನ ವಿಮಾನದ ರೆಕ್ಕೆಯನ್ನು ನಾನು ಬಿಚ್ಚಲಿಲ್ಲ. ತುದಿಯ ಪ್ಲೈವುಡ್‌ನಲ್ಲಿ ಮುಕ್ಕಾಲು ಇಂಚು ಹಿಂದೆ ಎರಡು ಹೊಸ ತೂತು ಕೊರೆದು ಲೀಡ್‌ಔಟ್ ದಾಟಿಸಿ ಕೊಟ್ಟೆ. ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ವಿಮಾನ ಅವನ ತಲೆ ಮೇಲೆ ಹಾದು ಹೋಯಿತು. ಲೈನು ತಂಬೂರಿ ತಂತಿಯ ಹಾಗೆ ಬಿಗಿಯಾಗೇ ಇತ್ತು.